ಮದುವೆಯಾಗಿ ಮೊದಲ ಸಂಕ್ರಾಂತಿ: ಇಬ್ಬರೂ ಕೆಲಸಕ್ಕೆ ಹೋಗೋರು, 40 ಮನೆಗೆ ಎಳ್ಳು ಬೀರಬೇಕು, ಎಲ್ಲಿಂದ ಶುರು ಮಾಡೋದು?

ಜೋಡೆತ್ತು
ನಮಸ್ಕಾರ. ಹುಡುಗಿ ಕಡೆ ಮೈಸೂರು, ಹುಡುಗನ ಕಡೆ ಧಾರವಾಡ, ಸಂಸಾರ ಬೆಂಗಳೂರಲ್ಲಿ. ಮೂರನೇ ಮಹಡಿ ಫ್ಲ್ಯಾಟು, ತಾರಸಿಗೆ ಓನರ್ ಬೀಗ, ಬಾಲ್ಕನಿಗೆ ಬೆಳಗ್ಗೆ ಎರಡು ಗಂಟೆ ಬಿಸಿಲು ಬಂದರೆ ಪುಣ್ಯ. ಇಬ್ಬರಿಗೂ ಆಫೀಸು. ಶನಿವಾರ, ಭಾನುವಾರ ಬಿಟ್ಟರೆ ರಾತ್ರಿ ಎಂಟರ ಮೇಲೆ ಸಿಕ್ಕಿದ್ದೇ ಟೈಮು. ಹಬ್ಬಕ್ಕೆ ಎರಡೂ ಕಡೆಯ ಅಪ್ಪ ಅಮ್ಮ ಬರ್ತಾರೆ. ಬಿಲ್ಡಿಂಗಲ್ಲಿ 24 ಮನೆ, ನೆಂಟರು, ಆಫೀಸಿನವರು ಸೇರಿ ಒಟ್ಟು 40 ಮನೆಗೆ ಎಳ್ಳು ಬೀರಬೇಕು.

ಕೇಳಬೇಕಿರೋದು: 40 ಮನೆಗೆ ಸಾಮಾನು ಎಷ್ಟು ತರಬೇಕು? ಬಿಸಿಲಿಲ್ಲದೆ ಕೊಬ್ಬರಿ, ಬೆಲ್ಲ ಒಣಗಿಸೋದು ಹೇಗೆ? ಸಕ್ಕರೆ ಅಚ್ಚು ಮನೇಲಿ ಆಗೋ ಮಾತಾ? ಮೊದಲ ವರ್ಷದ ಬಾಳೆಹಣ್ಣು ಎಷ್ಟು ಕೊಡಬೇಕು? ಧಾರವಾಡದವರು ಭೋಗಿ ಅಂತಾರೆ, ಮೈಸೂರಿನ ಮನೇಲಿ ಆ ಪದವೇ ಇಲ್ಲ, ಎರಡನ್ನೂ ಹೇಗೆ ಸರಿದೂಗಿಸೋದು? ಇವತ್ತಿಂದ ಧನುರ್ಮಾಸ, ಕೈಯಲ್ಲಿ ನಾಲ್ಕು ವಾರ ಇದೆ.

ರೆಡಿಮೇಡ್ ರಾಯ
ಗಾಂಧಿ ಬಜಾರಿಗೆ ಹೋಗಿ, ಮಿಕ್ಸು ಕಟ್ಟಿಸ್ಕೊಂಡು ಬನ್ನಿ, ಮಲ್ಕೊಳ್ಳಿ. ನಾಲ್ಕು ವಾರ ಯಾಕೆ, ನಲವತ್ತು ನಿಮಿಷ ಸಾಕು.

ಅಗ್ರಹಾರದ ಅತ್ತೆ
ರಾಯರೇ, ನಿಮ್ಮ ಮಾತು ಕೇಳಿದ್ರೆ ಹಬ್ಬವನ್ನೂ ಆನ್‌ಲೈನಲ್ಲೇ ತರಿಸ್ಕೋಬೇಕಾಗುತ್ತೆ. ಇರಲಿ, ಮೊದಲು ಲೆಕ್ಕ.

ಒಂದು ಮನೆಗೆ 60 ಗ್ರಾಂ ಕೊಟ್ಟರೆ ಮರ್ಯಾದೆಯಾಗಿ ಕಾಣುತ್ತೆ. 40 ಮನೆಗೆ 2 ಕೆ.ಜಿ. 400 ಗ್ರಾಂ ಆಯ್ತು. ಮನೆಗೆ, ದೇವರಿಗೆ, ಬಂದವರಿಗೆ 600 ಗ್ರಾಂ ಇಟ್ಟುಕೊಂಡರೆ ಒಟ್ಟು 3 ಕೆ.ಜಿ. ಬೆರೆಸೋ ಹೊತ್ತಿಗೆ ಕೈಯಲ್ಲಿರಬೇಕಾದ್ದು: ಕಡಲೆಕಾಯಿ ಬೀಜ 800 ಗ್ರಾಂ, ಹುರಿಗಡಲೆ 700, ಕೊಬ್ಬರಿ 700, ಬೆಲ್ಲ 600, ಬಿಳಿ ಎಳ್ಳು 200. ಅಂಗಡಿಯಿಂದ ತರುವಾಗ ಅಷ್ಟೇ ತಂದ್ರೆ ಕೊನೇಲಿ ಸಾಲಲ್ಲ. ಬೀಜದ ಸಿಪ್ಪೆ ಹೋಗುತ್ತೆ, ಕೊಬ್ಬರಿಯ ಕಪ್ಪು ಹೆರೆದು ಹಾಕ್ತೀರಿ, ಬೆಲ್ಲ ಕತ್ತರಿಸುವಾಗ ಕಾಲು ಭಾಗ ಪುಡಿಯಾಗುತ್ತೆ. ಹಾಗಾಗಿ ಬೀಜ 900, ಕೊಬ್ಬರಿ 900, ಬೆಲ್ಲ 800 ತನ್ನಿ. ಬೆಲ್ಲದ ಪುಡಿ ಎಸೀಬೇಡಿ, ಹಬ್ಬದ ದಿನ ಸಿಹಿ ಹುಗ್ಗಿಗೆ ಆಗುತ್ತೆ.

ಎಳ್ಳು ಜಾಸ್ತಿ ಹಾಕಬೇಡಿ. ಹೆಸರು ಎಳ್ಳಿಂದಾದರೂ ಅದು ತಳಕ್ಕೆ ಇಳಿದು, ಬಾಯಿಗೆ ಸಿಗೋದು ಕೊನೇ ಮುಷ್ಟಿಯಲ್ಲಿ.

ಒಗ್ಗರಣೆ
60 ಗ್ರಾಂ?? ಆ ಪುಟ್ಟ ಪ್ಲಾಸ್ಟಿಕ್ ಡಬ್ಬಿ ತುಂಬಲ್ಲ ಅತ್ತೆ. 100 ಬೇಕು.

ಅಗ್ರಹಾರದ ಅತ್ತೆ
ಪ್ಲಾಸ್ಟಿಕ್ ಡಬ್ಬಿ ಯಾರು ಹೇಳಿದ್ರು? ಬಟರ್ ಪೇಪರ್ ಕವರಲ್ಲಿ ಕೊಡಿ. ನಲವತ್ತು ಮನೆಯಿಂದ ವಾಪಸ್ ಬರೋ ಎಳ್ಳು ಎಷ್ಟು ಅಂತ ಯೋಚನೆ ಮಾಡಿದ್ದೀರಾ? ಹೆಚ್ಚುಕಡಿಮೆ ಕೊಟ್ಟಷ್ಟೇ ಬರುತ್ತೆ. ಎಲ್ಲರೂ 100 ಗ್ರಾಂ ಕೊಟ್ಟರೆ ಇಬ್ಬರ ಮನೇಲಿ 4 ಕೆ.ಜಿ. ಎಳ್ಳು ಬೆಲ್ಲ ಕೂತಿರುತ್ತೆ, ಶಿವರಾತ್ರಿ ತನಕ ತಿನ್ನಬೇಕು.

ಕಲ್ಪತರು ನಾಡು
ಕೊಬ್ಬರಿ ಬಗ್ಗೆ ತಿಪಟೂರಿನ ಕಡೆಯಿಂದ ಎರಡು ಮಾತು. ಹೋಳಾದ ಬಟ್ಟಲು ಕೊಬ್ಬರಿ ಬೇಡ, ಇಡೀ ಗಿಟುಕು ತಗೊಳ್ಳಿ. ಬಟ್ಟಲು ಕೊಬ್ಬರಿ ಗಾಳಿಗೆ ಒಡ್ಡಿಕೊಂಡು ಒಳಗಿನ ಬಿಳುಪು ಹಳದಿಗೆ ತಿರುಗಿರುತ್ತೆ, ಕಮಟು ವಾಸನೆ ಬೇಗ ಬರುತ್ತೆ. ಅಂಗಡಿಯವರ ಮುಂದೆಯೇ ಒಂದು ಗಿಟುಕು ಒಡೆಸಿ: ಟಕ್ ಅಂತ ಮುರೀಬೇಕು, ಒಳಗೆ ಬೂದು ಬೂಷ್ಟು ಇರಬಾರದು, ಚೂರು ಬಾಯಿಗೆ ಹಾಕಿದ್ರೆ ಸಿಹಿ ಬರಬೇಕು. ನಾಲಿಗೆಯ ಹಿಂದೆ ಸೋಪಿನ ಥರ ರುಚಿ ಬಂದ್ರೆ ಎಣ್ಣೆ ಕೆಟ್ಟಿದೆ ಅಂತ ಅರ್ಥ. ಒಣಗಿಸಿದ್ರೂ ಸರಿಹೋಗಲ್ಲ.

ಕಪ್ಪು ತೆಗೆಯೋಕೆ ತುರಿಮಣೆ ಹಿಡ್ಕೊಂಡು ಒದ್ದಾಡಬೇಡಿ. ಆಲೂಗಡ್ಡೆ ಸಿಪ್ಪೆ ಹೆರೆಯೋ ಪೀಲರ್ ಸಾಕು. ಗಿಟುಕನ್ನ ನಾಲ್ಕು ಹೋಳು ಮಾಡಿ, ಹೋಳಿನ ಉದ್ದಕ್ಕೆ ಹೆರೆಯಿರಿ. ಆಮೇಲೆ ಬೆಂಕಿಕಡ್ಡಿ ದಪ್ಪದ ಉದ್ದ ಎಳೆ ಮಾಡಿ, ನಾಲ್ಕೈದು ಎಳೆ ಜೋಡಿಸಿ ಅಡ್ಡಕ್ಕೆ ಕತ್ತರಿಸಿ. ತುಂಬಾ ಒಣಗಿದ್ದು ಕತ್ತಿ ಬಿದ್ದ ಕಡೆ ಸೀಳಿ ಚೂರಾಗುತ್ತೆ. ಹಾಗಾದ್ರೆ ಗಿಟುಕನ್ನ ಒದ್ದೆ ಬಟ್ಟೇಲಿ ಒಂದು ಗಂಟೆ ಸುತ್ತಿಟ್ಟು ಕತ್ತರಿಸಿ, ಕತ್ತರಿಸಿದ ಮೇಲೆ ಮತ್ತೆ ಒಣಗಿಸಿ.

ಜೋಡೆತ್ತು
ಮತ್ತೆ ಒಣಗಿಸಿ ಅಂದ್ರಿ. ಅದೇ ತಾನೇ ಪ್ರಶ್ನೆ 😅 ಬಿಸಿಲು ಎಲ್ಲಿ?

ಹಿಮದೂರು
ಅಮೆರಿಕದ ಮಿಷಿಗನ್‌ನಲ್ಲಿ ಜನವರಿ ಪೂರ್ತಿ ಬಿಸಿಲಿಲ್ಲ, ಆದ್ರೂ ಇಲ್ಲಿನ ಕನ್ನಡದವರ ಮನೆಗಳಲ್ಲಿ ಎಳ್ಳು ಬೆಲ್ಲ ಆಗುತ್ತೆ. ಕೊಬ್ಬರಿಗೆ ಓವನ್. ಇಲ್ಲಿನ ಓವನ್‌ಗಳಲ್ಲಿ ಸಾಮಾನ್ಯವಾಗಿ ಅತೀ ಕಡಿಮೆ ಅಂದ್ರೆ 170 ಡಿಗ್ರಿ ಫ್ಯಾರನ್‌ಹೀಟ್, ಸುಮಾರು 77 ಸೆಲ್ಸಿಯಸ್. ಬಾಗಿಲಿಗೆ ಮರದ ಸೌಟು ಸಿಕ್ಕಿಸಿ ಸಂದು ಬಿಟ್ಟು, ತಟ್ಟೇಲಿ ಒಂದೇ ಪದರ ಹರಡಿ 40 ನಿಮಿಷ, ನಡುವೆ ಒಮ್ಮೆ ಕೈಯಾಡಿಸಿ. ಬಾಗಿಲು ಮುಚ್ಚಿದ್ರೆ ಹಬೆ ಒಳಗೇ ನಿಂತು ಕೊಬ್ಬರಿ ಬೇಯುತ್ತೆ, ಅಂಚು ಕೆಂಪಾಗುತ್ತೆ.

ಬೆಲ್ಲವನ್ನ ಮಾತ್ರ ಓವನ್‌ಗೆ ಇಡಲೇಬೇಡಿ. ಮೆತ್ತಗಾಗಿ ಒಂದಕ್ಕೊಂದು ಅಂಟಿ ಹಲ್ವಾ ಆಗುತ್ತೆ. ಇಲ್ಲಿ ಹೀಟರ್ ಹಾಕಿದ ಮನೆಯ ಗಾಳಿ ತುಂಬಾ ಒಣ, ತಟ್ಟೇಲಿ ಹರಡಿ ಎರಡು ದಿನ ಬಿಟ್ಟರೆ ಸಾಕು.

ಮೂರನೇ ಕ್ರಾಸ್
ಬೆಂಗಳೂರಲ್ಲಿ ಓವನ್ ಬೇಕಿಲ್ಲ. ಫ್ಯಾನ್ ಕೆಳಗೆ ಹಳೇ ಕಾಟನ್ ಪಂಚೆ ಹಾಸಿ ಮೂರು ದಿನ ಹರಡಿ. ಹಗಲು ಬಾಲ್ಕನಿಯ ಎರಡು ಗಂಟೆ ಬಿಸಿಲು ಬೋನಸ್. ಆದ್ರೆ ಸಂಜೆ ಆರಕ್ಕೆ ಮುಂಚೆ ಒಳಗೆ ತಗೊಳ್ಳಿ. ರಾತ್ರಿ ಬಾಲ್ಕನೀಲೇ ಬಿಟ್ಟರೆ ಇಬ್ಬನಿ ಕೂತು ಮೂರು ದಿನದ ಕೆಲಸ ನೀರಲ್ಲಿ ಹೋಮ. ಪೇಪರ್ ಮೇಲೆ ಹರಡೋರು ಜಾಸ್ತಿ, ಅದು ಬೇಡ. ಬೆಲ್ಲಕ್ಕೆ ಸುದ್ದಿ ಅಂಟ್ಕೊಳ್ಳುತ್ತೆ.

ರೆಡಿಮೇಡ್ ರಾಯ
"ಬೆಲ್ಲಕ್ಕೆ ಸುದ್ದಿ ಅಂಟ್ಕೊಳ್ಳುತ್ತೆ" 😂 ನೋಡಿ, ಇಷ್ಟೆಲ್ಲ ಪಾಡು ಪಡೋ ಬದಲು...

ಸೊಗಡು
ರಾಯರ ಮಾತನ್ನ ಪೂರ್ತಿ ತಳ್ಳಿಹಾಕೋದೂ ಬೇಡ. ರೆಡಿ ಮಿಕ್ಸ್ ಕೆಟ್ಟದ್ದು ಯಾಕೆ ಅಂದ್ರೆ ಅದನ್ನ ಎಂದೋ ಬೆರೆಸಿರ್ತಾರೆ. ಬೆಲ್ಲ ಗಾಳಿಯ ತೇವ ಎಳ್ಕೊಂಡು ಪಕ್ಕದ ಹುರಿಗಡಲೆಗೆ, ಬೀಜಕ್ಕೆ ದಾಟಿಸುತ್ತೆ. ಕಡಲೆ ಗರಿ ಕಳ್ಕೊಳ್ಳುತ್ತೆ, ಬೀಜ ರಬ್ಬರ್ ಆಗುತ್ತೆ. ಆದ್ರೆ ಕತ್ತರಿಸಿದ ಕೊಬ್ಬರಿ, ಕತ್ತರಿಸಿದ ಬೆಲ್ಲ ಬೇರೆ ಬೇರೆ ಕೂಡ ಸಿಗುತ್ತೆ. ಅವೆರಡು ಕೊಂಡುಕೊಂಡು, ಬೀಜ ಮತ್ತು ಎಳ್ಳು ಮನೇಲೇ ಹುರಿದು, ಹಬ್ಬದ ಹಿಂದಿನ ರಾತ್ರಿ ಬೆರೆಸಿದ್ರೆ ರುಚಿಯಲ್ಲಿ ಮುಕ್ಕಾಲು ಭಾಗ ಮನೇದೇ. ಇಬ್ಬರೂ ದುಡಿಯೋ ಮನೆಗೆ ಇದೇ ದಾರಿ.

ಅಗ್ರಹಾರದ ಅತ್ತೆ
ಮುಕ್ಕಾಲು ಅಲ್ಲ, ಅರ್ಧ. ಬೆಲ್ಲ ಕತ್ತರಿಸೋದೇ ಸಂಕ್ರಾಂತಿ.

ಬೆಲ್ಲ ಆರಿಸೋದು ಹೀಗೆ: ಗಟ್ಟಿ ಅಚ್ಚು ಬೆಲ್ಲ, ಉಗುರು ಒತ್ತಿದ್ರೆ ಗುರುತು ಬೀಳಬಾರದು. ಕಪ್ಪು ಸಾವಯವ ಬೆಲ್ಲ ರುಚಿ ಚೆನ್ನ, ಆದ್ರೆ ಜಿನುಗುತ್ತೆ, ಎಳ್ಳಿಗೆ ಬೇಡ. ಹಾಗಂತ ಬಿಳಿ ಹಳದಿಯಾಗಿ ಫಳಫಳ ಹೊಳೆಯೋದೂ ಬೇಡ, ಆ ಬಣ್ಣ ಹೈಡ್ರೋಸ್ ಅನ್ನೋ ಬಿಳುಪು ಮಾಡೋ ರಾಸಾಯನಿಕ ಹಾಕಿ ಬರಿಸಿದ್ದಿರುತ್ತೆ. ತೆಳು ಜೇನಿನ ಬಣ್ಣದ್ದು ಸರಿ. ಅಚ್ಚನ್ನ ಅರ್ಧ ಗಂಟೆ ಬಿಸಿಲಲ್ಲಿ, ಇಲ್ಲಾಂದ್ರೆ ಮೈಕ್ರೋವೇವಲ್ಲಿ 10 ಸೆಕೆಂಡ್ ಇಟ್ಟರೆ ಕತ್ತಿ ಒಪ್ಪುವಷ್ಟು ಮೆತ್ತಗಾಗುತ್ತೆ. ದಪ್ಪ ಕತ್ತಿಯಲ್ಲಿ ಅರ್ಧ ಬೆರಳಿನ ಬಿಲ್ಲೆ, ಬಿಲ್ಲೆಯಿಂದ ಅಡಕತ್ತರಿಯಲ್ಲಿ ತುಂಡು, ತುಂಡು ಹುರಿಗಡಲೆ ಗಾತ್ರ. ಕತ್ತರಿಸಿದ ಕೂಡಲೇ ಜರಡಿ ಹಿಡಿದು ಪುಡಿ ಬೇರೆ ಮಾಡಿ. ಪುಡಿ ಉಳಿದ್ರೆ ಅದೇ ಮೊದಲು ಕರಗಿ ಉಳಿದದ್ದನ್ನ ಅಂಟಿಸೋದು. ಒಂದು ಚಮಚ ಹುರಿಗಡಲೆ ಹಿಟ್ಟು ಉದುರಿಸಿ ಕೈಯಾಡಿಸಿದ್ರೆ ತುಂಡು ತುಂಡಾಗೇ ನಿಲ್ಲುತ್ತೆ.

ಒಗ್ಗರಣೆ
ಅಡಕತ್ತರಿ ಯಾವ ಮನೇಲಿದೆ ಈಗ?

ಕಲ್ಪತರು ನಾಡು
ಎಲ್ಲಾ ಮನೇಲೂ ಇದೆ. ಹುಡುಕಬೇಕು ಅಷ್ಟೇ, ಅಜ್ಜಿ ಪೆಟ್ಟಿಗೇಲಿ.

ಸೊಗಡು
ಬೀಜ ಹುರಿಯೋದ್ರಲ್ಲೂ ಎಡವೋರು ಜಾಸ್ತಿ. ದಪ್ಪ ಬಾಣಲೆ, ಸಣ್ಣ ಉರಿ, ಅರ್ಧರ್ಧ ಕೆ.ಜಿ.ಯಂತೆ 15 ನಿಮಿಷ. ಉರಿ ಜಾಸ್ತಿ ಆದ್ರೆ ಸಿಪ್ಪೆ ಕಪ್ಪು, ಒಳಗೆ ಹಸಿ. ಒಂದು ಬೀಜ ತೆಗೆದು ತಣ್ಣಗಾದ ಮೇಲೆ ಕಚ್ಚಿ ನೋಡಿ, ಬಿಸೀಲಿ ಕಚ್ಚಿದ್ರೆ ಯಾವತ್ತೂ ಮೆತ್ತಗೇ ಅನ್ಸುತ್ತೆ. ಆಮೇಲೆ ಇನ್ನೂ ಹುರಿಯೋಣ ಅಂತ ಸೀಯಿಸೋದು. ಪೂರ್ತಿ ಆರಿದ ಮೇಲೆ ಒರಟು ಬಟ್ಟೇಲಿ ಕಟ್ಟಿ ಉಜ್ಜಿ, ಮೊರದಲ್ಲಿ ಕೇರಿ. ಮೊರ ಇಲ್ದಿದ್ರೆ ಬಾಲ್ಕನೀಲಿ ನಿಂತು ಎರಡು ಬುಟ್ಟಿ ಮಧ್ಯೆ ಎತ್ತರದಿಂದ ಸುರೀರಿ, ಕೆಳಗಿನ ಮನೆಯವರ ಬಟ್ಟೆ ಒಣಗ್ತಿಲ್ಲ ಅಂತ ಮೊದಲು ನೋಡ್ಕೊಳ್ಳಿ. ಎಳ್ಳು ಮಾತ್ರ ಕೊನೇಲಿ, ಚಟಪಟ ಶುರುವಾದ ಅರ್ಧ ನಿಮಿಷಕ್ಕೆ ಇಳಿಸಿ ಬೇರೆ ತಟ್ಟೆಗೆ ಹಾಕಿ. ಬಾಣಲೇಲೇ ಬಿಟ್ಟರೆ ಆ ಕಾವಿಗೇ ಕಹಿ ಆಗುತ್ತೆ.

ಕಡಲತಡಿ
ಮಾರಾಯ್ರೆ, ನಮ್ಮ ಕರಾವಳಿಯಲ್ಲಿ ಈ ಎಳ್ಳು ಬೀರುವ ಗಲಾಟೆಯೇ ಇಲ್ಲ. ಸಂಕ್ರಾಂತಿ ಅಂದರೆ ದೇವಸ್ಥಾನಕ್ಕೆ ಹೋಗುವುದು, ಪಾಯಸ ಮಾಡುವುದು, ಮುಗಿಯಿತು. ನೀವೆಲ್ಲ ಆರಾಮಾಗಿ ಕತ್ತರಿಸಿ.

ಜೋಡೆತ್ತು
😂 ಸರಿ. ಸಕ್ಕರೆ ಅಚ್ಚಿಗೆ ಬನ್ನಿ. ಅತ್ತೆ ಮನೆಯ ಮರದ ಅಚ್ಚು ಹನ್ನೆರಡು ಜೊತೆ ಸಿಕ್ಕಿದೆ. ಗಿಳಿ, ಆನೆ, ತುಳಸಿಕಟ್ಟೆ.

ಅಚ್ಚುಕಟ್ಟು
ಆಹಾ, ಈಗ ಬಂತು ವಿಷಯ. ಆಗೋ ಮಾತೇ. ಆದ್ರೆ ಇಬ್ಬರು ಬೇಕು, ಒಬ್ಬರ ಕೈಲಿ ಆಗಲ್ಲ. ಒಬ್ಬರು ಪಾಕ, ಒಬ್ಬರು ಅಚ್ಚು.

ಅಚ್ಚನ್ನ ಹಿಂದಿನ ರಾತ್ರಿ ನೀರಲ್ಲಿ ನೆನೆಹಾಕಿ. ಒಣ ಮರ ಪಾಕದ ನೀರು ಕುಡಿದು ಸಕ್ಕರೆಯನ್ನ ಕಚ್ಚಿ ಹಿಡ್ಕೊಳ್ಳುತ್ತೆ, ಗಿಳಿಯ ಕೊಕ್ಕು ಅಲ್ಲೇ ಉಳಿಯುತ್ತೆ. ಸುರಿಯೋ ಮುಂಚೆ ಮೇಲಿನ ನೀರು ಒರೆಸಿ, ಎರಡು ಭಾಗ ಜೋಡಿಸಿ ರಬ್ಬರ್ ಬ್ಯಾಂಡ್ ಬಿಗಿಯಾಗಿ ಹಾಕಿ, ತೂತು ಮೇಲೆ ಮಾಡಿ ಮರಳು ಅಥವಾ ಅಕ್ಕಿ ತುಂಬಿದ ತಟ್ಟೇಲಿ ನಿಲ್ಲಿಸಿ.

1 ಕೆ.ಜಿ. ಸಕ್ಕರೆಗೆ 400 ಮಿ.ಲೀ. ನೀರು. ಕುದಿ ಬಂದಾಗ ಎರಡು ಚಮಚ ಹಾಲು ಹಾಕಿ, ಕೊಳೆ ನೊರೆಯಾಗಿ ಮೇಲೆ ಬರುತ್ತೆ, ತೆಗೆದು ಒದ್ದೆ ಬಟ್ಟೇಲಿ ಸೋಸಿ. ಇದು ಮೂಲ ಪಾಕ. ಒಮ್ಮೆಗೇ ಎಲ್ಲಾ ಅಚ್ಚಿಗೆ ಸುರಿಯೋಕೆ ಹೋಗಬೇಡಿ, ಎಲ್ಲರೂ ತಪ್ಪೋದು ಇಲ್ಲೇ. ಎರಡು ಸೌಟು ಮಾತ್ರ ಸಣ್ಣ ಹಿಡಿಕೆ ಪಾತ್ರೆಗೆ ಹಾಕಿ ಕುದಿಸಿ. ಥರ್ಮಾಮೀಟರ್ ಇದ್ರೆ 113 ರಿಂದ 115 ಡಿಗ್ರಿ ಸೆಲ್ಸಿಯಸ್. ಇಲ್ದಿದ್ರೆ ತಣ್ಣೀರಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಉರುಳಿಸಿದ್ರೆ ಮೆತ್ತನೆ ಉಂಡೆ ಆಗಬೇಕು. ಒಲೆಯಿಂದ ಇಳಿಸಿ ಮರದ ಸೌಟಲ್ಲಿ ಪಾತ್ರೆಯ ಪಕ್ಕಕ್ಕೆ ತಿಕ್ಕಿ ತಿಕ್ಕಿ ತಿರುವಿ. ಮೊದಲು ಪಾರದರ್ಶಕ, ಆಮೇಲೆ ಮಂಜು ಕವಿದ ಹಾಗೆ, ಆಮೇಲೆ ಹಾಲಿನ ಬಣ್ಣ. ಹಾಲಿನ ಬಣ್ಣ ಬಂದ ಕ್ಷಣ ಸುರಿಯಬೇಕು. ಹತ್ತು ಸೆಕೆಂಡ್ ತಡವಾದ್ರೆ ಪಾತ್ರೇಲೇ ಕಲ್ಲು.

5 ರಿಂದ 10 ನಿಮಿಷ ಬಿಟ್ಟು ಬ್ಯಾಂಡ್ ತೆಗೆದು ಬಿಚ್ಚಿ. ಮಧ್ಯಮ ಅಚ್ಚು 20 ರಿಂದ 25 ಗ್ರಾಂ ತೂಗುತ್ತೆ, 1 ಕೆ.ಜಿ.ಗೆ ಹೆಚ್ಚುಕಡಿಮೆ 40. ಮನೆಗೊಂದರಂತೆ ಸರಿಹೋಗುತ್ತೆ, ಒಡೆದು ಹೋಗೋದಕ್ಕೆ ಇನ್ನರ್ಧ ಕೆ.ಜಿ. ಇಟ್ಕೊಳ್ಳಿ.

ಒಗ್ಗರಣೆ
ನಿಂಬೆರಸ ಮರೆತ್ರಿ.

ಅಚ್ಚುಕಟ್ಟು
ಮರೆತಿಲ್ಲ, ಬೇಕಂತಲೇ ಬಿಟ್ಟಿದ್ದು. ಕೊಳೆ ತೆಗೆಯೋಕೆ ನಿಂಬೆ ಹಿಂಡೋರಿದ್ದಾರೆ. ಎರಡು ಹನಿ ಸರಿ, ಅರ್ಧ ಹೋಳು ಹಿಂಡಿದ್ರೆ ಹುಳಿ ಸಕ್ಕರೆಯನ್ನ ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತೆ, ಅವು ಹರಳು ಕಟ್ಟೋದಕ್ಕೆ ಬಿಡಲ್ಲ. ಎಷ್ಟು ತಿರುವಿದ್ರೂ ಬಿಳಿಚಿಕೊಳ್ಳಲ್ಲ, ಅಚ್ಚು ಬಿಚ್ಚಿದ್ರೆ ಆನೆ ಅಂಟಂಟಾಗಿ ಮಲಗಿರುತ್ತೆ. ಜಾಮೂನಿಗೆ ನಿಂಬೆ ಹಾಕೋದು ಹರಳು ಕಟ್ಟದಿರಲಿ ಅಂತ, ಇಲ್ಲಿ ನಮಗೆ ಬೇಕಾಗಿರೋದೇ ಹರಳು.

ಪಾತ್ರೇಲಿ ಗಟ್ಟಿಯಾದ್ರೆ ಗಾಬರಿ ಬೇಡ, ಎರಡು ಚಮಚ ನೀರು ಹಾಕಿ ಮತ್ತೆ ಕಾಯಿಸಿ. ಎರಡು ಸಲ ಮಾಡಬಹುದು, ಮೂರನೇ ಸಲಕ್ಕೆ ಬಣ್ಣ ಕಂದುತ್ತೆ.

ಪೇಡೆನಗರಿ
ಎಲ್ಲಾರೂ ಮೈಸೂರ ಸೀಮಿದs ಹೇಳಾಕತ್ತೀರಿ. ಹುಡುಗನ ಮನಿ ಧಾರವಾಡ ಅಂತ ಬರದಾರ, ಅದರ ಬಗ್ಗೆ ಯಾರೂ ಬಾಯಿ ಬಿಡವಲ್ರಿ.

ಭೋಗಿ ಅಂದ್ರ ಸಂಕ್ರಾಂತಿ ಹಿಂದಿನ ದಿನ. ಮುಂಜಾನೆ ಎಳ್ಳು ಅರದು ಮೈಗೆ ಹಚ್ಚಿ ಎರಕೊಳ್ಳೋದು. ಊಟಕ್ಕ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣಿಗಾಯಿ ಬದನಿಕಾಯಿ, ಭೋಗಿ ಪಲ್ಯ: ಹಸಿ ಕಡ್ಲಿ, ಗಜ್ಜರಿ, ಅವರಿಕಾಯಿ, ಬದನಿಕಾಯಿ ಕೂಡಿಸಿ ಶೇಂಗಾ, ಎಳ್ಳಿನ ಪುಡಿ ಹಾಕಿ ಮಾಡೋದು. ಮರುದಿನ ಮಾದಲಿ, ಶೇಂಗಾ ಹೋಳಿಗಿ. ಬುತ್ತಿ ಕಟಗೊಂಡು ಹೊಳಿ ದಂಡಿಗೆ ಹೋಗೋದು. ಬೆಂಗಳೂರಾಗ ಹೊಳಿ ಎಲ್ಲಿ ತರ್ತೀರಿ, ಲಾಲ್‌ಬಾಗಿಗೆ ಹೋಗ್ರಿ.

ಸಜ್ಜಿ ಹಿಟ್ಟು ತಿಂಗಳ ಮೊದಲs ಬೀಸಿ ಇಡಬ್ಯಾಡ್ರಿ, ಎರಡ ವಾರಕ್ಕ ಕಹಿ ಆಗತೈತಿ. ಭೋಗಿಗೆ ಎರಡ ದಿನ ಮೊದಲ ಬೀಸಸ್ರಿ. ಒಂದು ಬಟ್ಟಲ ಹಿಟ್ಟಿಗೆ ಮುಕ್ಕಾಲು ಬಟ್ಟಲ ಕುದಿಯೋ ನೀರು, ಚಂದಂಗ ನಾದ್ರಿ. ಸಜ್ಜಿಯಾಗ ಗೋದಿ ಹಂಗ ಜಿಗಿ ಇರೂದಿಲ್ಲ, ಕುದಿ ನೀರಿನಿಂದs ಹಿಟ್ಟು ಕೂಡಿ ನಿಲ್ಲೂದು. ತಣ್ಣೀರು ಹಾಕಿದ್ರ ಬಡಿಯುವಾಗ ಅಂಚು ಸೀಳತಾವ. ಎಳ್ಳು ರೊಟ್ಟಿ ಮ್ಯಾಲೆ ಉದುರಿಸಿ ಕೈಲೆ ತಟ್ಟಿ ಒತ್ತಬೇಕು, ಇಲ್ಲಾಂದ್ರ ಹಂಚಿನ ಮ್ಯಾಲೆ ಎಲ್ಲಾ ಉದುರತಾವ.

ಜೋಡೆತ್ತು
ಅಕ್ಕಾ, ಥ್ಯಾಂಕ್ಸ್! ಕುಸುರೆಳ್ಳು ಮನೇಲಿ ಮಾಡಬೇಕು ಅಂತ ಅತ್ತೆಯವರ ಆಸೆ.

ಪೇಡೆನಗರಿ
ಮಾಡ್ರಿ, ಆದ್ರ ಒಂದು ರವಿವಾರ ಪೂರಾ ಹೋಗತೈತಿ, ಹೇಳಿಲ್ಲ ಅನಬ್ಯಾಡ್ರಿ. ಕಾಲು ಕಿಲೊ ಎಳ್ಳು, ಅರ್ಧ ಕಿಲೊ ಸಕ್ರಿ, 200 ಮಿ.ಲೀ. ನೀರು. ಪಾಕ ಹಾಲು ಹಾಕಿ ಸೋಸಿ, ಒಂದೆಳಿಗಿಂತ ತೆಳು ಇರಲಿ. ದಪ್ಪ ತಳದ ಪರಾತದಾಗ ಹುರದ ಎಳ್ಳು ಹಾಕಿ, ಕೈ ಇಡಾಕ ಬರೂವಷ್ಟs ಕಾವು ಇರಲಿ. ಒಂದು ಚಮಚಿ ಪಾಕ ಹಾಕೂದು, ಬೆರಳಿಲೆ ಸುತ್ತ ತಿರುವೂದು, ಪೂರಾ ಒಣಗಿದ ಮ್ಯಾಲೆ ಇನ್ನೊಂದು ಚಮಚಿ. ಅವಸರ ಮಾಡಿ ಎರಡು ಚಮಚಿ ಕೂಡೇ ಹಾಕಿದ್ರ ಎಳ್ಳೆಲ್ಲಾ ಗಂಟು ಕಟ್ಟಿ ಚಿಕ್ಕಿ ಆತು. ನಾಲ್ಕೈದು ತಾಸಿಗೆ ಮುಳ್ಳು ಏಳತಾವ. ಥಂಡಿ, ಒಣ ಹವಾ ಇದ್ದ ದಿನ ಮುಳ್ಳು ಛಲೋ ಬರತಾವ, ಮಾಡ ಮುಸುಕಿದ ದಿನ ನುಣ್ಣಗs ಉಳೀತಾವ. ಅದಕ್ಕs ಬೆಳಗಿನ ಜಾವ ಶುರು ಮಾಡ್ರಿ. ಗಂಡ ಹೆಂಡ್ತಿ ಪಾಳಿ ಹಾಕ್ಕೊಳ್ರಿ, ಒಬ್ಬರ ಬೆರಳು ಅಷ್ಟೊತ್ತು ತಡಿಯೂದಿಲ್ಲ.

ಇನ್ನೊಂದು. ಹೊಸ ಮದಲಗಿತ್ತಿಗೆ ಮೊದಲ ಸಂಕ್ರಾಂತಿಗೆ ಕರಿ ಸೀರಿ ಉಡಿಸಿ ಕುಸುರೆಳ್ಳಿನ ಆಭರಣ ಹಾಕೂ ಪದ್ಧತಿ ಬೆಳಗಾವಿ ಕಡೆ ಭಾಳ. ನಿಮ್ಮ ಅತ್ತಿ ಕರಿ ಸೀರಿ ತಂದ್ರ ಅಂಜಬ್ಯಾಡ್ರಿ.

ಅಗ್ರಹಾರದ ಅತ್ತೆ
ಹಬ್ಬದ ದಿನ ಕಪ್ಪು ಸೀರೆ! ಮೈಸೂರಿನ ಬೀಗಿತ್ತಿ ನೋಡಿದ್ರೆ ಮೂರ್ಛೆ ಹೋಗ್ತಾರೆ.

ಪೇಡೆನಗರಿ
ಅದಕ್ಕs ಮೊದಲs ಫೋನ್ ಮಾಡಿ ಹೇಳ್ರಿ ಅನ್ನೂದು. ಚಳಿಗಾಲಕ್ಕ ಕರಿ ಅರಿವಿ ಕಾವು ಹಿಡೀತೈತಿ ಅಂತಾರ ನಮ್ಮ ಕಡೆ. ಭೋಗಿ ದಿನ ಕರಿ ಸೀರಿ, ಮರುದಿನ ಮೈಸೂರು ರೇಷ್ಮಿ ಉಡ್ರಿ, ಇಬ್ಬರೂ ಬೀಗರು ಖುಷಿ.

ಮೂರನೇ ಕ್ರಾಸ್
ಈ ಸಲ ಹಬ್ಬ 14ಕ್ಕೋ 15ಕ್ಕೋ? ನಮ್ಮ ಕ್ಯಾಲೆಂಡರಲ್ಲಿ ಒಂದು, ವಾಟ್ಸಾಪಲ್ಲಿ ಇನ್ನೊಂದು.

ಲೆಕ್ಕದ ಮೇಷ್ಟ್ರು
ನಿಮ್ಮ ಮನೆಯ ಪಂಚಾಂಗ ನೋಡಿ. ಗೊಂದಲ ಯಾಕೆ ಅಂದ್ರೆ, ಸೂರ್ಯ ಮಕರ ರಾಶಿಗೆ ಬರೋ ಗಳಿಗೆ ಪ್ರತಿ ವರ್ಷ ಸುಮಾರು 6 ಗಂಟೆ 9 ನಿಮಿಷ ಮುಂದಕ್ಕೆ ಹೋಗುತ್ತೆ, ಅಧಿಕ ವರ್ಷದ ಫೆಬ್ರವರಿ 29 ಅದನ್ನ ಒಂದು ದಿನ ಹಿಂದಕ್ಕೆ ತಳ್ಳುತ್ತೆ. ಸಂಕ್ರಮಣ ಸೂರ್ಯ ಮುಳುಗಿದ ಮೇಲೆ ಬಂದ್ರೆ ಮರುದಿನ ಹಬ್ಬ ಅನ್ನೋ ಪಂಚಾಂಗಗಳಿವೆ. ಹಾಗಾಗಿ ಎರಡು ತಾರೀಕು.

ನಿಧಾನವಾಗಿ ಇದು ಜಾರ್ತಾನೇ ಇದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12, ಅವತ್ತು ಮಕರ ಸಂಕ್ರಾಂತಿ. ನಾಲ್ಕು ವರ್ಷಕ್ಕೆ ಮುಕ್ಕಾಲು ಗಂಟೆಗಿಂತ ಕಡಿಮೆ ಉಳಿಕೆ ಸೇರಿ ಸೇರಿ ಒಂದು ದಿನ, 1900 ಅಧಿಕ ವರ್ಷ ಅಲ್ಲದ್ದರಿಂದ ಇನ್ನೊಂದು ದಿನ, ಒಟ್ಟು ಎರಡು ದಿನ ಮುಂದಕ್ಕೆ ಬಂದಿದೀವಿ.

ಒಗ್ಗರಣೆ
ಹಾಗಾದ್ರೆ ಉತ್ತರಾಯಣ?

ಲೆಕ್ಕದ ಮೇಷ್ಟ್ರು
ಸೂರ್ಯ ನಿಜಕ್ಕೂ ಉತ್ತರಕ್ಕೆ ತಿರುಗೋದು ಡಿಸೆಂಬರ್ 21 ಅಥವಾ 22ಕ್ಕೆ. ಹಬ್ಬ ನಕ್ಷತ್ರದ ಲೆಕ್ಕ ಹಿಡಿದಿದೆ, ಅದಕ್ಕೇ ಎರಡರ ನಡುವೆ ಮೂರು ವಾರಕ್ಕೂ ಹೆಚ್ಚಿನ ಅಂತರ. ಬಂದವರನ್ನ ಕರ್ಕೊಂಡು ಹೋಗೋದಾದ್ರೆ ಸಂಕ್ರಾಂತಿ ಸಂಜೆ ಗವಿಪುರದ ಗವಿ ಗಂಗಾಧರೇಶ್ವರ. ನಂದಿಯ ಕೊಂಬಿನ ನಡುವಿಂದ ಬಿಸಿಲು ಲಿಂಗದ ಮೇಲೆ ಬೀಳುತ್ತೆ. ಜನಸಾಗರ ಇರುತ್ತೆ, ವಯಸ್ಸಾದವರಿದ್ರೆ ಬೇಡ.

ರೆಡಿಮೇಡ್ ರಾಯ
ಸಂಜೆ ಗವಿಪುರ, ಸಂಜೆಯೇ ಎಳ್ಳು ಬೀರೋದು. 40 ಮನೆ. ಆಗುತ್ತಾ?

ಸೊಗಡು
ಒಂದು ಮನೆಗೆ 5 ನಿಮಿಷ ಅಂದ್ರೂ 40 ಮನೆಗೆ 200 ನಿಮಿಷ, ಮೂರು ಗಂಟೆಗೂ ಮೇಲೆ. ಸಾಯಂಕಾಲ ಐದರಿಂದ ಎಂಟರೊಳಗೆ ಒಬ್ಬರಿಂದ ಆಗಲ್ಲ. ಇಬ್ಬರೂ ಹಂಚಿಕೊಳ್ಳಿ: ಒಬ್ಬರು ಬಿಲ್ಡಿಂಗು, ಒಬ್ಬರು ಹೊರಗಿನ ಮನೆ. ಆಫೀಸಿನವರಿಗೆ ಮರುದಿನ ಆಫೀಸಲ್ಲೇ ಕೊಡಿ.

ಅಗ್ರಹಾರದ ಅತ್ತೆ
ಗಂಡಸರು ಎಳ್ಳು ಬೀರೋದಾ? ಅರಿಶಿನ ಕುಂಕುಮ ಕೊಡೋದು ಯಾರು?

ಅಚ್ಚುಕಟ್ಟು
ಅತ್ತೆ, ತಟ್ಟೆ ಹಿಡ್ಕೊಂಡು ಹೋಗೋಕೆ ಗಂಡಸಿಗೇನು ಬಂತು? ಕುಂಕುಮದ ಪೊಟ್ಟಣ ಕವರೊಳಗೇ ಇದ್ರೆ ಆ ಮನೆಯ ಹೆಂಗಸರೇ ಇಟ್ಕೋತಾರೆ. ಕಬ್ಬು ಹೊತ್ತು ತಂದವನು, ಬೆಲ್ಲ ಕುಟ್ಟಿದವನು, ಕೊಡೋಕೆ ಮಾತ್ರ ಬೇಡ್ವಾ?

ಅಗ್ರಹಾರದ ಅತ್ತೆ
ಬಿಲ್ಡಿಂಗಿನ ಹಿರಿಯ ಮುತ್ತೈದೆಯರ ಮನೆಗಾದ್ರೂ ಇಬ್ಬರೂ ಜೊತೇಲಿ ಹೋಗಿ. ಮೊದಲ ವರ್ಷ, ಅಷ್ಟು ಮಾಡಿ. ಉಳಿದಿದ್ದಕ್ಕೆ ನಿಮ್ಮಿಷ್ಟ. ಹಾಗೇ, ಆ ವರ್ಷ ಸಾವಾದ ಮನೆ ಯಾವುದು ಅಂತ ವಾಚ್‌ಮನ್ ಹತ್ರ ಕೇಳ್ಕೊಂಡು ಹೋಗಿ. ಕೆಲವರು ತಗೋತಾರೆ, ಕೆಲವರು ಆ ವರ್ಷ ತಗೊಳ್ಳಲ್ಲ, ಬಾಗಿಲಲ್ಲಿ ನಿಂತು ಇಬ್ಬರಿಗೂ ಮುಜುಗರ.

ಜೋಡೆತ್ತು
ಇದು ಹೊಳೆದೇ ಇರಲಿಲ್ಲ. ಬಾಳೆಹಣ್ಣು?

ಅಗ್ರಹಾರದ ಅತ್ತೆ
ಮದುವೆಯಾದ ವರ್ಷದಿಂದ ಐದು ವರ್ಷ. ಮೊದಲ ವರ್ಷ ಒಬ್ಬ ಮುತ್ತೈದೆಗೆ 5, ಎರಡನೇ ವರ್ಷ 10, ಹೀಗೆ ಐದನೇ ವರ್ಷ 25. ಎಲ್ಲಾ 40 ಮನೆಗೂ ಕೊಡೋಕೆ ಹೋದ್ರೆ ಈ ವರ್ಷ 200, ಐದನೇ ವರ್ಷ ಸಾವಿರ ಹಣ್ಣು. ಐದು ಜನ ಮುತ್ತೈದೆಯರನ್ನ ಆರಿಸ್ಕೊಳ್ಳಿ, 25 ಹಣ್ಣು ಸಾಕು. ಉಳಿದವರಿಗೆ ಎಳ್ಳಿನ ಜೊತೆ ಒಂದೊಂದು.

ಕಲ್ಪತರು ನಾಡು
ನಮ್ಮ ಕಡೆ ಕೆಲವು ಮನೆಗಳಲ್ಲಿ ಈ ಪದ್ಧತಿಯೇ ಇಲ್ಲ, ಇರೋ ಮನೇಲೂ ಎಣಿಕೆ ಬೇರೆ. ಹುಡುಗಿಯ ಅಮ್ಮನ್ನ ಕೇಳಿ, ಅಲ್ಲಿಗೆ ಮುಗೀತು. ಹಣ್ಣು ಮಾತ್ರ ಏಲಕ್ಕಿ ಬಾಳೆ ತಗೊಳ್ಳಿ, ಕೆ.ಜಿ.ಗೆ 15 ರಿಂದ 18 ಬರುತ್ತೆ. ಮೂರು ದಿನ ಮುಂಚೆ ಅರೆಹಣ್ಣು ತನ್ನಿ, ಹಿಂದಿನ ದಿನ ಹೋದ್ರೆ ಸಿಗೋದು ಕಾಯಿ ಇಲ್ಲಾ ಕೊಳೆತದ್ದು.

ಮೂರನೇ ಕ್ರಾಸ್
ಕಬ್ಬು: ಒಂದು ಜಲ್ಲೆಯಿಂದ ಒಂದು ಗೇಣಿಗಿಂತ ಸ್ವಲ್ಪ ಚಿಕ್ಕ ತುಂಡು 12 ಬರುತ್ತೆ, 40ಕ್ಕೆ 4 ಜಲ್ಲೆ. ಹಬ್ಬದ ಬೆಳಗ್ಗೆಯೇ ಕತ್ತರಿಸಿ. ಹಿಂದಿನ ದಿನ ಕತ್ತರಿಸಿದ್ರೆ ತುದಿ ಕೆಂಪಾಗಿ ಹುಳಿ ವಾಸನೆ ಹೊಡೆಯುತ್ತೆ. ಲಿಫ್ಟಲ್ಲಿ ಪೂರ್ತಿ ಜಲ್ಲೆ ಹಿಡಿಸಲ್ಲ, ಅಂಗಡೀಲೇ ಎರಡು ಮಾಡಿಸ್ಕೊಂಡು ಬನ್ನಿ.

ಸೊಗಡು
ಯಾರೂ ಅವರೆಕಾಯಿ ಸುದ್ದಿ ಎತ್ತಲಿಲ್ಲವಲ್ಲ! ಡಿಸೆಂಬರ್, ಜನವರಿ ಅಂದ್ರೆ ಹಳೇ ಮೈಸೂರಿನ ಮನೇಲಿ ಸಂಜೆ ಕೆಲಸವೇ ಅದು. ಸೊಗಡವರೆ ತನ್ನಿ, ಕಾಯಿ ಹಿಡಿದ ಕೈಗೆ ಎಣ್ಣೆ ಜಿಡ್ಡು, ಘಮ ಅಂಟಬೇಕು. ಸಿಪ್ಪೇಲಿ ತೂತಿದ್ರೆ ಒಳಗೆ ಹಸಿರು ಹುಳ ಇದೆ ಅಂತ ಲೆಕ್ಕ. ಕಾಳನ್ನ 6 ರಿಂದ 8 ಗಂಟೆ ನೆನೆಸಿ, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತಿ, ಬೇಳೆ ಚಿಮ್ಮುತ್ತೆ. ಎದುರಿಗೆ ಅಗಲ ಪಾತ್ರೆ ಇರಲಿ, ಇಲ್ದಿದ್ರೆ ಸೋಫಾ ಕೆಳಗೆ ಹುಡುಕಬೇಕು. ಬೆಳಗ್ಗೆ ನೆನೆಹಾಕಿ ಆಫೀಸಿಗೆ ಹೋಗಿ, ಸಂಜೆ ಟಿವಿ ಮುಂದೆ ಇಬ್ಬರೂ ಹಿಚುಕಿ. ರಾತ್ರಿ ಹನ್ನೊಂದರ ತನಕ ಮರೆತ್ರೆ ಲೋಳೆ ಬಂದು ಹುಳಿ ವಾಸನೆ.

ಧನುರ್ಮಾಸದ ಹುಗ್ಗಿಗೂ ಇದೇ ಬೇಳೆ ಒಂದು ಹಿಡಿ ಹಾಕಿ. ಇಬ್ಬರಿಗೆ ಅರ್ಧ ಬಟ್ಟಲು ಅಕ್ಕಿ, ಅರ್ಧ ಬಟ್ಟಲು ಹುರಿದ ಹೆಸರುಬೇಳೆ, ನಾಲ್ಕು ಬಟ್ಟಲು ನೀರು, ಮೆಣಸು, ಜೀರಿಗೆ, ಶುಂಠಿ. ಬೆಳಗ್ಗೆ ಐದಕ್ಕೆ ಕುಕ್ಕರ್ ಇಟ್ಟರೆ ಪೂಜೆ ಮುಗಿಯೋ ಹೊತ್ತಿಗೆ ಸಿದ್ಧ.

ಕಡಲತಡಿ
ಐದಕ್ಕೆ ಕುಕ್ಕರ್ ಶಿಳ್ಳೆ ಹಾಕಿಸಿದರೆ ಪಕ್ಕದ ಮನೆಯವರು ಎಳ್ಳು ತೆಗೆದುಕೊಳ್ಳುತ್ತಾರೆಯೇ, ಅದನ್ನು ಯೋಚಿಸಿ 😄

ಅಗ್ರಹಾರದ ಅತ್ತೆ
ಹಬ್ಬದ ಸಿಹಿ ಹುಗ್ಗಿ ಮಾಡುವಾಗ ಒಂದು ಎಚ್ಚರಿಕೆ: ಅಕ್ಕಿ ಬೇಳೆ ಪೂರ್ತಿ ಬೆಂದ ಮೇಲೇ ಬೆಲ್ಲ. ಮೊದಲೇ ಹಾಕಿದ್ರೆ ಅಕ್ಕಿ ಕಾಳುಕಾಳಾಗಿ ನಿಂತುಬಿಡುತ್ತೆ, ಆಮೇಲೆ ಎಷ್ಟು ಕುದಿಸಿದ್ರೂ ಬೇಯಲ್ಲ. ಹಾಲು ಹಾಕೋದಾದ್ರೆ ಒಲೆಯಿಂದ ಇಳಿಸಿ, ಸ್ವಲ್ಪ ಆರಿಸಿ. ಕುದಿಯೋ ಬೆಲ್ಲಕ್ಕೆ ಹಾಲು ಬಿದ್ರೆ ಒಡೆಯುತ್ತೆ.

ಜೋಡೆತ್ತು
ಎಲ್ಲಾ ಬರ್ಕೊಂಡ್ವಿ. ಮೊದಲ ಎರಡು ವಾರ ಬರೀ ಹುಗ್ಗಿ, ಅವರೆಕಾಯಿ. ಮೂರನೇ ವಾರಾಂತ್ಯ ಶನಿವಾರ ಕೊಬ್ಬರಿ ಬೆಲ್ಲ ಕತ್ತರಿಸಿ ಫ್ಯಾನ್ ಕೆಳಗೆ, ಭಾನುವಾರ ಕುಸುರೆಳ್ಳು ಪಾಳಿ. ಹಬ್ಬದ ಹಿಂದಿನ ವಾರಾಂತ್ಯ ಅಚ್ಚು ಮತ್ತು ಬೀಜ. ಭೋಗಿಗೆ ಸಜ್ಜೆ ರೊಟ್ಟಿ, ಕಪ್ಪು ಸೀರೆ. ಅವತ್ತೇ ರಾತ್ರಿ ಎಳ್ಳು ಹುರಿದು ಎಲ್ಲಾ ಬೆರೆಸೋದು. ಸಂಜೆ ಬೀರೋದಕ್ಕೆ ಇಬ್ಬರೂ. ಕಪ್ಪು ಸೀರೆ ವಿಷಯ ಮೈಸೂರಿಗೆ ಫೋನ್ ಮಾಡಿ ಹೇಳಿದ್ದಾಯ್ತು, "ನಮ್ಮ ಮುಂದೆ ಉಡಬೇಡ" ಅಂದಿದ್ದಾರೆ. ಅವರು ಬರೋದು ಭೋಗಿ ರಾತ್ರಿ ರೈಲಿಗೆ.

ಪೇಡೆನಗರಿ
ಹಂಗಾದ್ರ ಫೋಟೊ ಸಂಜೀ ಒಳಗs ತಕ್ಕೊಳ್ರಿ.

ಒಗ್ಗರಣೆ
ಎಲ್ಲಾ ಸರಿ, ಬಣ್ಣದ ಜೀರಿಗೆ ಪೆಪ್ಪರ್‌ಮಿಂಟ್ ಎಲ್ಲಿ ಲಿಸ್ಟಲ್ಲಿ? ಮಕ್ಕಳು ಎಳ್ಳಿನ ಕವರ್ ಬಿಚ್ಚೋದೇ ಅದಕ್ಕೆ.

ಅಗ್ರಹಾರದ ಅತ್ತೆ
100 ಗ್ರಾಂ ಸಾಕು. ಬೆರೆಸಬೇಡಿ ಮಾತ್ರ, ಬೆಲ್ಲದ ತೇವಕ್ಕೆ ಬಣ್ಣ ಬಿಟ್ಟು ಕೊಬ್ಬರಿ ಗುಲಾಬಿ ಆಗುತ್ತೆ. ಕವರ್ ಕಟ್ಟುವಾಗ ಮೇಲೆ ಉದುರಿಸಿ.